ಸ್ವಾತಂತ್ರ್ಯ ಯಾರು ಕೊಟ್ಟದ್ದು?

ಪ್ರಜೆಯ ಸ್ವಾತಂತ್ರ್ಯವು ಸರಕಾರ ಕೊಟ್ಟದ್ದೋ, ಸರಕಾರ ಹುಟ್ಟುವ ಮೊದಲೇ ಮನುಷ್ಯನಿಗೆ ಇದ್ದುದೋ? ಕೇಳುವುದಕ್ಕೆ ಇದು ಪಂಡಿತರ ತರ್ಕದಂತಿದೆ. ಆದರೆ ಸರಕಾರ ಕೊಟ್ಟದ್ದಾದರೆ ಸರಕಾರವೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಸಾವಿರಾರು ಜನರ ಬಿಡುಗಡೆ ಈ ಒಂದು ಪ್ರಶ್ನೆಯ ಮೇಲೆ ನಿಂತಿದ್ದ ಕಾಲ ನಮ್ಮ ದೇಶಕ್ಕೂ ಬಂದಿತ್ತು.

ಇಂಗ್ಲೆಂಡಿನ ಅರಸನಿಗೂ ಪಾರ್ಲಿಮೆಂಟಿಗೂ ನಡೆದ ಯುದ್ಧವನ್ನು ಕಂಡ ಥಾಮಸ್ ಹಾಬ್ಸನು 1651ರಲ್ಲಿ ‘ಲೆವಯಥನ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಆಳುವ ಶಕ್ತಿಯಿಲ್ಲದಿದ್ದರೆ ಒಬ್ಬರ ಮೇಲೊಬ್ಬರು ಬೀಳುವರು. ಆದುದರಿಂದ ಜನರು ತಮ್ಮ ಹಕ್ಕುಗಳನ್ನು ಪ್ರಭುವಿಗೆ ಒಪ್ಪಿಸಬೇಕು. ಕಾನೂನು ಸುಮ್ಮನಿರುವ ಕಡೆ ಮಾತ್ರ ಪ್ರಜೆ ಸ್ವತಂತ್ರನು ಎಂಬುದು ಅವನ ವಾದ. ಅವನನ್ನು ಬರಿಯ ಸರ್ವಾಧಿಕಾರದ ವಕೀಲನೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಪ್ರಭುವೇ ಕೊಲ್ಲಲು ಬಂದರೆ ಪ್ರಜೆ ತನ್ನ ಪ್ರಾಣವನ್ನು ಕಾಪಾಡಿಕೊಳ್ಳಬಹುದೆಂದು ಅವನೂ ಒಪ್ಪಿದ್ದನು.

ಜಾನ್ ಲಾಕನದು ಬೇರೆ ಮಾತು. ಜೀವ, ಸ್ವಾತಂತ್ರ್ಯ, ಸ್ವತ್ತು ಇವು ಸರಕಾರಕ್ಕಿಂತ ಹಿಂದಿನವು. ಸರಕಾರವು ಅವುಗಳ ಕಾವಲಿಗೆ ನೇಮಿಸಿದ್ದು ಮಾತ್ರ ಎಂದು ಅವನು 1689ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾಧಿಸಿದನು. ಅದಕ್ಕೂ ಹತ್ತು ವರ್ಷ ಮೊದಲು, 1679ರಲ್ಲಿ, ಇಂಗ್ಲೆಂಡಿನಲ್ಲಿ ಹೇಬಿಯಸ್ ಕಾರ್ಪಸ್ ಕಾನೂನು ಬಂದಿತ್ತು. ಸೆರೆಯಲ್ಲಿರುವವನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿ, ಏಕೆ ಹಿಡಿದಿರಿ ಎಂಬುದಕ್ಕೆ ಉತ್ತರ ಕೊಡಬೇಕು. ಅದರ ಸಾರ ಇಷ್ಟೆ.

ಈ ಉತ್ತರ ಕೇಳುವ ದಾರಿಯೇ ನಮ್ಮಲ್ಲಿ 1975ರಲ್ಲಿ ಮುಚ್ಚಿತು. ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ಬಂಧನವಾಯಿತು. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ಹಿಡಿದು ಕೋರ್ಟಿಗೆ ಹೋಗುವ ಹಕ್ಕನ್ನು ರಾಷ್ಟ್ರಪತಿಗಳ ಆಜ್ಞೆ ತಡೆಹಿಡಿದಿತ್ತು. ಆದರೂ ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ತಳ್ಳಿಹಾಕಲು ಒಪ್ಪಲಿಲ್ಲ. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಅಲ್ಲಿ ನ್ಯಾಯಮೂರ್ತಿ ಹೆಚ್. ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ನೇರವಾಗಿ ಕೇಳಿದರು: ಪೋಲೀಸನೊಬ್ಬ ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೆ? ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಅದಕ್ಕೂ ಪರಿಹಾರವಿಲ್ಲವೆಂದು ಉತ್ತರ ಬಂತು. ಹಾಬ್ಸನೂ ಇಷ್ಟು ದೂರ ಹೋಗಿರಲಿಲ್ಲ!

1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಾಧೀಶರು ಸರಕಾರದ ಪಕ್ಷ ಹಿಡಿದರು. ಖನ್ನಾ ಅವರೊಬ್ಬರೇ, 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯುವ ಅಧಿಕಾರ ಪ್ರಭುತ್ವಕ್ಕಿಲ್ಲವೆಂದು ಬರೆದರು. 1977ರ ಜನವರಿಯಲ್ಲಿ ಅವರನ್ನು ದಾಟಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಖನ್ನಾ ರಾಜೀನಾಮೆಯಿತ್ತರು.

1978ರ 44ನೇ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯ ರಕ್ಷಣೆಯನ್ನು ತಡೆಹಿಡಿಯುವಂತಿಲ್ಲ. 1976ರ ತೀರ್ಪು ಬಿದ್ದುಹೋದದ್ದು ಮಾತ್ರ 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಜೀವ ಸ್ವಾತಂತ್ರ್ಯಗಳು ಸಂವಿಧಾನ ಸೃಷ್ಟಿಸಿದವಲ್ಲ ಎಂದು ಅದರಲ್ಲಿ ಬರೆದ ಡಿ. ವೈ. ಚಂದ್ರಚೂಡರ ತಂದೆಯವರು 1976ರ ಆ ನಾಲ್ವರಲ್ಲಿ ಒಬ್ಬರು. ವಿಚಾರಣೆಯಿಲ್ಲದೆ ಮುಂಜಾಗ್ರತೆಗಾಗಿ ಬಂಧಿಸುವ ಅವಕಾಶವಾದರೋ 22ನೇ ವಿಧಿಯಲ್ಲಿ ಇಂದಿಗೂ ಇದೆ.