ಪ್ರಿನ್ಸ್‌ಟನ್ ತಲಪದ ಗಣಿತಜ್ಞ

1950ರ ಆಗಸ್ಟ್ 31ನೆಯ ತಾರೀಖು, ಇನ್ನೂ ಬೆಳಗಾಗಿರಲಿಲ್ಲ. ಮುಂಬಯಿಯಿಂದ ನ್ಯೂಯಾರ್ಕಿಗೆ ಹೊರಟಿದ್ದ 'ಸ್ಟಾರ್ ಆಫ್ ಮೇರಿಲ್ಯಾಂಡ್' ಎಂಬ ವಿಮಾನವು ಕೈರೋ ನಗರದಲ್ಲಿ ಇಳಿದು, ಪುನಃ ಮೇಲೇರಿ ರೋಮಿನತ್ತ ಸಾಗಿತ್ತು. ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನೊಂದಕ್ಕೆ ಬೆಂಕಿ ಹತ್ತಿಕೊಂಡಿತು. ಇತಾಯ್ ಅಲ್-ಬಾರೂದ್ ಎಂಬ ಊರಿನ ಸಮೀಪ ವಿಮಾನ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಐವತ್ತೈದು ಮಂದಿಯಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ.

ಹಾಗೆ ಮಡಿದವರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಗಣಿತೋಪನ್ಯಾಸಕರೊಬ್ಬರಿದ್ದರು. ಅವರ ಹೆಸರು ಎಸ್. ಎಸ್. ಪಿಳ್ಳೈ, ವಯಸ್ಸು ನಲವತ್ತೊಂಬತ್ತು. ಅಮೆರಿಕದ ಕೇಂಬ್ರಿಡ್ಜಿನಲ್ಲಿ ಹಿಂದಿನ ದಿನವಷ್ಟೇ ಆರಂಭವಾಗಿದ್ದ ಅಂತರರಾಷ್ಟ್ರೀಯ ಗಣಿತಜ್ಞರ ಮಹಾಸಮ್ಮೇಳನದಲ್ಲಿ ಅವರು ಭಾಗವಹಿಸಬೇಕಾಗಿತ್ತು. ಅಲ್ಲಿಂದ ಮುಂದೆ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಒಂದು ವರ್ಷ ನಿಂತು ಸಂಶೋಧನೆ ನಡೆಸುವುದಕ್ಕೂ ಆಹ್ವಾನ ದೊರೆತಿತ್ತು.

ಆಲ್ಬರ್ಟ್ ಐನ್‌ಸ್ಟೈನರು ಇನ್ನೂ ಬದುಕಿದ್ದು ಅದೇ ಸಂಸ್ಥೆಯಲ್ಲಿ ವಾಸವಾಗಿದ್ದ ಕಾಲವದು. ಆದರೆ ಪಿಳ್ಳೈಯವರಿಗೆ ಮುಖ್ಯವಾದುದು ಬೇರೆ. ಅವರ ವಿಷಯವಾದ ಸಂಖ್ಯಾಸಿದ್ಧಾಂತದಲ್ಲಿ ಜಗತ್ತಿನ ಅಗ್ರಗಣ್ಯರೆನಿಸಿದ ಸೀಗಲ್ ಮತ್ತು ಸೆಲ್ಬರ್ಗ್ ಇಬ್ಬರೂ ಆಗ ಅಲ್ಲಿದ್ದರು. ಪಾಠಪ್ರವಚನಗಳ ಹೊರೆಯಿಲ್ಲದೆ, ಅಂಥವರ ನೆರೆಯಲ್ಲಿ ಕುಳಿತು ಒಂದು ವರ್ಷ ಯೋಚಿಸುವ ಅವಕಾಶವು ಎರಡು ದಶಕಗಳ ಕಾಲ ಉಪನ್ಯಾಸಕರಾಗಿ ದುಡಿದವರ ಪಾಲಿಗೆ ಎಂಥದಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಪಿಳ್ಳೈಯವರು ಹುಟ್ಟಿದುದು 1901ರ ಏಪ್ರಿಲ್ 5ರಂದು, ಕುತ್ತಾಲದ ಜಲಪಾತಗಳಿಗೆ ಹತ್ತಿರದ ವಲ್ಲಂ ಎಂಬ ಹಳ್ಳಿಯಲ್ಲಿ. ವರ್ಷ ತುಂಬುವ ಸುಮಾರಿಗೆ ತಾಯಿ ತೀರಿಕೊಂಡರು. ಶಾಲೆಯ ಕೊನೆಯ ವರ್ಷದಲ್ಲಿ ತಂದೆಯೂ ಇಲ್ಲವಾದರು. ಓದು ಅಲ್ಲಿಗೇ ನಿಂತುಹೋಗುತ್ತಿತ್ತು. ಆದರೆ ಹುಡುಗನ ಬುದ್ಧಿಯನ್ನು ಬಲ್ಲ ಶಾಸ್ತ್ರಿಯಾರ್ ಎಂಬ ಉಪಾಧ್ಯಾಯರು ತಮ್ಮ ಸಂಬಳದಲ್ಲಿಯೇ ಒಂದು ಪಾಲನ್ನು ತೆಗೆದಿಟ್ಟು ಓದಿಸಿದರು. ಅಂದಿನ ಶಾಲಾ ಉಪಾಧ್ಯಾಯರ ಸಂಬಳವೆಷ್ಟಿದ್ದೀತು! ಮುಂದೆ ವಿದ್ಯಾರ್ಥಿವೇತನದ ಬಲದಿಂದ ನಾಗರಕೋಯಿಲ್, ತಿರುವನಂತಪುರಗಳಲ್ಲಿ ಕಾಲೇಜು ಮುಗಿಯಿತು. 1927ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನ ವೇತನ ದೊರೆತು, ಕೆ. ಆನಂದರಾವ್ ಮತ್ತು ವೈದ್ಯನಾಥಸ್ವಾಮಿಯವರ ಬಳಿ ಕೆಲಸ ಮಾಡಿದರು. 1929ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಉಪನ್ಯಾಸಕರಾದರು.

ಆ ಕಾಲದಲ್ಲಿ ಗಣಿತದಲ್ಲಿ ಮೇಲೇರಬೇಕೆಂಬ ಭಾರತೀಯ ತರುಣನಿಗೆ ಹೆದ್ದಾರಿಯಿದ್ದುದು ಒಂದೇ, ಇಂಗ್ಲೆಂಡಿನ ಹಡಗುದಾರಿ. ವಿಜಯರಾಘವನ್ ಅವರು ಆಕ್ಸ್‌ಫರ್ಡಿನಲ್ಲಿ ಹಾರ್ಡಿಯವರ ಶಿಷ್ಯರಾದರು. ಸರ್ವದಮನ್ ಚೌಲಾ ಅವರು ಕೇಂಬ್ರಿಡ್ಜಿನಲ್ಲಿ ಲಿಟಲ್‌ವುಡ್ಡರ ಶಿಷ್ಯರಾದರು. ಪಿಳ್ಳೈಯವರಿಗೆ ಆ ದಾರಿ ತೆರೆಯಲಿಲ್ಲ. ಅವರಿಗಿದ್ದುದು ಅಂಚೆಯ ದಾರಿ. ಚೌಲಾ ಅವರೊಡನೆ ಅವರ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು. 1930ರಲ್ಲಿ ಇಬ್ಬರೂ ಕೂಡಿ ಬರೆದ ಲೇಖನವೊಂದು ಲಂಡನ್ನಿನ ಗಣಿತಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಣ್ಣಾಮಲೈನಗರದ ಆ ಕೊಠಡಿಯಲ್ಲಿ ಕುಳಿತು ಪಿಳ್ಳೈಯವರು ಬಿಡಿಸಿದ ಸಮಸ್ಯೆ ಸಾಮಾನ್ಯವಾದುದಲ್ಲ. ಆದರೂ ಅದನ್ನು ಚಿಲ್ಲರೆ ಎಣಿಸಬಲ್ಲ ಯಾರಾದರೂ ತಿಳಿಯಬಹುದು. 1, 4, 9, 16 ಹೀಗೆ ವರ್ಗಸಂಖ್ಯೆಗಳ ಬೆಲೆಯ ನಾಣ್ಯಗಳು ಮಾತ್ರ ಚಲಾವಣೆಯಲ್ಲಿರುವ ಊರೊಂದಿದೆಯೆಂದು ಇಟ್ಟುಕೊಳ್ಳಬಹುದು. 7 ರೂಪಾಯಿ ಕೊಡಬೇಕಾದರೆ ಒಂದು ನಾಲ್ಕು, ಮೂರು ಒಂದು, ಹೀಗೆ ನಾಲ್ಕು ನಾಣ್ಯ ಬೇಕು. ಎಷ್ಟೇ ದೊಡ್ಡ ಮೊತ್ತವಾದರೂ ನಾಲ್ಕಕ್ಕಿಂತ ಹೆಚ್ಚು ನಾಣ್ಯ ಬೇಕಾಗುವುದಿಲ್ಲವೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿ ತೋರಿದ. ಅದೇ ವರ್ಷ ವೇರಿಂಗ್ ಎಂಬ ಆಂಗ್ಲ ಗಣಿತಜ್ಞನು, ಘನಗಳಾದರೆ ಒಂಬತ್ತು ಸಾಕು, ನಾಲ್ಕನೆಯ ಘಾತಗಳಾದರೆ ಹತ್ತೊಂಬತ್ತು ಸಾಕು, ಮುಂದೆಯೂ ಹೀಗೆಯೇ ಎಂದು ಹೇಳಿದ. ಪ್ರಮಾಣವನ್ನು ಮಾತ್ರ ಕೊಡಲಿಲ್ಲ. ಪ್ರತಿಯೊಂದು ಘಾತಕ್ಕೂ ಇಂಥ ಮಿತಿಯೊಂದು ಇದ್ದೇ ಇದೆಯೆಂದು ಜರ್ಮನಿಯ ಹಿಲ್ಬರ್ಟ್ 1909ರಲ್ಲಿ ತೋರಿಸಿದ. ಆದರೆ ಆ ಮಿತಿ ಎಷ್ಟು?

1930ರ ದಶಕದಲ್ಲಿ ರಷ್ಯದ ವಿನೊಗ್ರಾದೊವ್ ಹೊಸ ವಿಧಾನವೊಂದನ್ನು ಕೊಟ್ಟ ಕೂಡಲೇ ಇಬ್ಬರು ಅದನ್ನು ಹಿಡಿದರು. ಒಬ್ಬರು ಚಿಕಾಗೋದ ಪ್ರಸಿದ್ಧ ಪ್ರಾಧ್ಯಾಪಕ ಡಿಕ್ಸನ್. ಇನ್ನೊಬ್ಬರು ಚಿದಂಬರದ ಬಳಿಯ ಉಪನ್ಯಾಸಕ ಪಿಳ್ಳೈ. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, 1936ರ ಹೊತ್ತಿಗೆ ಇಬ್ಬರೂ ಏಳನೆಯ ಘಾತದಿಂದ ಮುಂದಕ್ಕೆ ಹೆಚ್ಚು ಕಡಿಮೆ ಸಂಪೂರ್ಣವಾದ ಉತ್ತರವನ್ನು ಕಂಡುಕೊಂಡರು. ಡಿಕ್ಸನ್ನರದು ಅಮೆರಿಕದ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಪಿಳ್ಳೈಯವರದು ಅಣ್ಣಾಮಲೈ ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ. ಎರಡನೆಯದನ್ನು ಸಮುದ್ರದಾಚೆ ಎಷ್ಟು ಜನ ಬಿಡಿಸಿ ನೋಡಿಯಾರು?

ಆರನೆಯ ಘಾತ ಮಾತ್ರ ಜಗ್ಗಲಿಲ್ಲ. ಅದನ್ನು ಪಿಳ್ಳೈಯವರೇ 1940ರಲ್ಲಿ ಗೆದ್ದರು. ಉತ್ತರ 73. ಬೇಕಾದವರು ಲೆಕ್ಕ ಹಾಕಿ ನೋಡಬಹುದು: ಎರಡರ ಆರನೆಯ ಘಾತ 64, ಮೂರರದು 729. 703 ರೂಪಾಯಿ ಕೊಡಬೇಕಾದವನಿಗೆ 729ರ ನಾಣ್ಯ ಉಪಯೋಗವಿಲ್ಲ. ಹನ್ನೊಂದು 64 ಕೊಟ್ಟರೆ 704, ಒಂದು ಹೆಚ್ಚಾಯಿತು. ಆದುದರಿಂದ ಹತ್ತು 64, ಮಿಕ್ಕ 63ಕ್ಕೆ ಬಿಡಿ ಒಂದುಗಳು. ಒಟ್ಟು 73 ನಾಣ್ಯ. ಇಷ್ಟು ಸುಲಭ. ಯಾವ ಸಂಖ್ಯೆಗೂ ಇದಕ್ಕಿಂತ ಹೆಚ್ಚು ಬೇಡವೆಂದು ಸಾಧಿಸುವುದೇ ಕಠಿಣ. ಐದನೆಯ ಘಾತಕ್ಕೆ ಉತ್ತರ ಸಿಕ್ಕಿದುದು 1964ರಲ್ಲಿ, ಚೀನದ ಚೆನ್ ಜಿಂಗ್‌ರುನ್ ಅವರಿಂದ. ನಾಲ್ಕನೆಯದಕ್ಕೆ 1986ರವರೆಗೆ ಕಾಯಬೇಕಾಯಿತು.

1941ರಲ್ಲಿ ಪಿಳ್ಳೈಯವರು ತಿರುವಾಂಕೂರು ವಿಶ್ವವಿದ್ಯಾನಿಲಯಕ್ಕೆ ಹೋದರು. ಒಂದು ವರ್ಷದ ಮೇಲೆ ಲೆವಿಯವರ ಕರೆಯಂತೆ ಕಲ್ಕತ್ತಕ್ಕೆ. ಲೆವಿ ಹಿಟ್ಲರನ ಜರ್ಮನಿಯಿಂದ ಹೊರದೂಡಲ್ಪಟ್ಟು ಬಂದು ಅಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದವರು. ಬಾಂಬು, ಬರಗಾಲ, ಗಲಭೆಗಳನ್ನು ಒಂದರ ಮೇಲೊಂದರಂತೆ ಕಂಡ ಆ ನಗರದಲ್ಲಿ ಪಿಳ್ಳೈಯವರು ಎಂಟು ವರ್ಷ ಕಳೆದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಯುದ್ಧ ಮುಗಿದ ಬಳಿಕ ಗಣಿತದ ಕೇಂದ್ರ ಅಟ್ಲಾಂಟಿಕ್ ದಾಟಿತ್ತು. ಆಂಧ್ರ ವಿಶ್ವವಿದ್ಯಾನಿಲಯದ ಉಪನ್ಯಾಸಕ ಮೀನಾಕ್ಷಿಸುಂದರಂ ಅವರು ಪ್ರಿನ್ಸ್‌ಟನ್ನಿಗೆ ಹೋಗಿಬಂದಿದ್ದರು. ದೇಶವಿಭಜನೆಯಲ್ಲಿ ಲಾಹೋರನ್ನು ತೊರೆದ ಚೌಲಾ ಅವರೂ ಅಲ್ಲಿಗೆ ಹೋಗಿದ್ದರು. ಕೊನೆಗೆ ಸರದಿ ಪಿಳ್ಳೈಯವರದಾಯಿತು. 1936ರ ಓಸ್ಲೋ ಸಮ್ಮೇಳನದ ತರುವಾಯ ಹದಿನಾಲ್ಕು ವರ್ಷಗಳ ಮೇಲೆ ಗಣಿತಜ್ಞರು ಮೊದಲ ಸಲ ಕೂಡುತ್ತಿದ್ದರು. ಹೋಗುವುದಕ್ಕೆ ಅದಕ್ಕಿಂತ ಒಳ್ಳೆಯ ವೇಳೆಯಿರಲಿಲ್ಲ.

ಸಮ್ಮೇಳನ ಸೆಪ್ಟೆಂಬರ್ 6ರವರೆಗೆ ನಡೆಯಿತು. ಪ್ರಿನ್ಸ್‌ಟನ್ನಿನಲ್ಲಿ ಪಿಳ್ಳೈಯವರನ್ನು ಕಾಣಬೇಕಾಗಿದ್ದ ಸೆಲ್ಬರ್ಗರಿಗೆ ಅಲ್ಲಿ ಫೀಲ್ಡ್ಸ್ ಪದಕವಿತ್ತರು.

ಪಿಳ್ಳೈಯವರ ಬರಹಗಳನ್ನೆಲ್ಲ ಒಟ್ಟುಗೂಡಿಸಿದ ಸಂಪುಟಗಳು ಹೊರಬರಲು 2010 ಬರಬೇಕಾಯಿತು. ಸಂಪಾದಕರಲ್ಲಿ ಒಬ್ಬರು ಆರ್. ಬಾಲಸುಬ್ರಮಣಿಯನ್. 1986ರಲ್ಲಿ ಇಬ್ಬರು ಫ್ರೆಂಚರ ಜೊತೆಗೂಡಿ ಆ ನಾಲ್ಕನೆಯ ಘಾತದ ಹತ್ತೊಂಬತ್ತನ್ನು ಸಾಧಿಸಿದವರೂ ಅವರೇ.

ಪಿಳ್ಳೈಯವರು ಬಿಟ್ಟುಹೋದ ಪ್ರಶ್ನೆಯೊಂದು ಇಂದಿಗೂ ಉಳಿದಿದೆ. 4, 8, 9, 16, 25, 27, 32, ಹೀಗೆ ವರ್ಗ, ಘನ ಮೊದಲಾದ ಘಾತಗಳನ್ನು ಸಾಲಾಗಿ ಬರೆದಾಗ, ಸಾಲು ಮುಂದುವರಿದಂತೆ ನೆರೆಯ ಸಂಖ್ಯೆಗಳ ನಡುವಣ ಅಂತರ ಮಿತಿಯಿಲ್ಲದೆ ಬೆಳೆಯುತ್ತದೆಯೆಂದು, ಯಾವೊಂದು ಅಂತರವೂ ಮತ್ತೆ ಮತ್ತೆ ಕೊನೆಯಿಲ್ಲದೆ ಬರಲಾರದೆಂದು ಅವರು ಊಹಿಸಿದ್ದರು. ಒಂದರ ಅಂತರ 8 ಮತ್ತು 9ರ ನಡುವೆ ಮಾತ್ರ ಇದೆಯೆಂದು ರುಮೇನಿಯ ಮೂಲದ ಮಿಹೈಲೆಸ್ಕು 2002ರಲ್ಲಿ ಸಾಧಿಸಿದರು. ಎರಡರ ಅಂತರಕ್ಕೆ 25 ಮತ್ತು 27 ಇವೆ. ಅಂಥ ಜೋಡಿ ಇನ್ನೆಷ್ಟಿವೆಯೆಂಬುದನ್ನು ಇದುವರೆಗೆ ಯಾರೂ ಸಾಧಿಸಿ ಹೇಳಿಲ್ಲ.