ಸಂಬಳವೂ ಬೇಕು, ಸಂಜೆಯೂ ಬೇಕು: ಪಿಯುಸಿ ನಂತರದ ಕೆಲವು ವೃತ್ತಿಗಳ ಪರಿಚಯ

ಪಿಯುಸಿ ಮುಗಿಯುತ್ತಾ ಬಂದಂತೆ ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮುಂದೆ ಏನು?" ಅದರ ಬೆನ್ನಿಗೇ ಎರಡನೆಯದು: "ಅದಕ್ಕೆ ಸಂಬಳ ಎಷ್ಟು?" ಮೂರನೆಯ ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಕೇಳುವುದಿಲ್ಲ: "ಆ ಸಂಬಳಕ್ಕೆ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು?"

ನಮ್ಮ ಕರಾವಳಿಯ ಮನೆಗಳಿಗೆ ಈ ಪ್ರಶ್ನೆಯ ಬೆಲೆ ಚೆನ್ನಾಗಿ ಗೊತ್ತು. ತಂದೆ ಗಲ್ಫ್‌ನಲ್ಲಿ ದುಡಿಯುವುದನ್ನು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಯಲ್ಲಿ ಬಂದು ಹೋಗುವುದನ್ನು ನೋಡಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಆ ದುಡಿಮೆಯಿಂದಲೇ ಮನೆ ಎದ್ದಿದೆ, ನಿಮ್ಮ ಫೀಸು ಕಟ್ಟಿದೆ. ಅವರಿಗೆ ಬೇರೆ ಆಯ್ಕೆ ಇರಲಿಲ್ಲ. ನಿಮಗೆ ಇದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ದೊಡ್ಡ ಪ್ರಶ್ನೆ. ಚೆನ್ನಾಗಿ ಓದಿ ಕೆಲಸಕ್ಕೆ ಸೇರಿದವರು ಮದುವೆಯಾದ ಮೇಲೆ, ಮಗುವಾದ ಮೇಲೆ ಕೆಲಸ ಬಿಡುತ್ತಾರೆ. ಅವರಲ್ಲಿ ಹಲವರಿಗೆ ಕೆಲಸ ಬಾರದೆ ಹೋದದ್ದಲ್ಲ. ಕೆಲಸದ ಹೊತ್ತು ಮನೆಯ ಹೊತ್ತಿಗೆ ಹೊಂದಲಿಲ್ಲ, ಅಷ್ಟೇ. ಆದ್ದರಿಂದ ಕೋರ್ಸ್ ಆರಿಸುವಾಗಲೇ ಸಂಬಳದ ಜೊತೆ ಸಮಯವನ್ನೂ ಲೆಕ್ಕ ಹಾಕುವುದು ಜಾಣತನ.

ಮೊದಲು ಗಂಟೆಯ ಲೆಕ್ಕ

ಒಂದು ಸರಳ ಗಣಿತ ಮಾಡೋಣ. ಒಬ್ಬರಿಗೆ ತಿಂಗಳಿಗೆ 80,000 ರೂಪಾಯಿ ಸಂಬಳ. ವಾರಕ್ಕೆ 70 ಗಂಟೆ ಕೆಲಸ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇನ್ನೂ 15 ಗಂಟೆ. ಅಲ್ಲಿಗೆ ವಾರಕ್ಕೆ 85, ನಾಲ್ಕು ವಾರಕ್ಕೆ 340 ಗಂಟೆ. ಗಂಟೆಗೆ ಸಿಕ್ಕಿದ್ದು ಸುಮಾರು 235 ರೂಪಾಯಿ. ಇನ್ನೊಬ್ಬರಿಗೆ 60,000 ಸಂಬಳ. ವಾರಕ್ಕೆ 45 ಗಂಟೆ ಕೆಲಸ, ಹೋಗಿ ಬರಲು 5 ಗಂಟೆ. ನಾಲ್ಕು ವಾರಕ್ಕೆ 200 ಗಂಟೆ. ಗಂಟೆಗೆ 300 ರೂಪಾಯಿ. ಕಾಗದದ ಮೇಲೆ ಮೊದಲನೆಯವರ ಸಂಬಳ ಹೆಚ್ಚು, ನಿಜವಾದ ದುಡಿಮೆಯ ಬೆಲೆ ಎರಡನೆಯವರದ್ದು ಹೆಚ್ಚು. ಅದರ ಮೇಲೆ ಹೊರಗಿನ ಊಟ, ದೊಡ್ಡ ನಗರದ ಬಾಡಿಗೆ ಕಳೆದರೆ ಅಂತರ ಇನ್ನೂ ಬೆಳೆಯುತ್ತದೆ.

ಆರೋಗ್ಯದ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. 2023ರಲ್ಲಿ ಇನ್ಫೋಸಿಸ್ ಸ್ಥಾಪಕ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶದಲ್ಲೆಲ್ಲ ಚರ್ಚೆ ಆದದ್ದು ನಿಮಗೆ ನೆನಪಿರಬಹುದು. ಆ ಚರ್ಚೆಯಲ್ಲಿ ಯಾವ ಪಕ್ಷ ವಹಿಸುವುದಾದರೂ ಈ ಅಂಕಿಗಳನ್ನು ಮರೆಯಬಾರದು.

ಕಾನೂನು ಏನು ಹೇಳುತ್ತದೆ?

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೌಕರನ ಕೆಲಸದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಆದರೆ ಆಡಳಿತದ ಜವಾಬ್ದಾರಿ ಇರುವ ಹುದ್ದೆಯವರಿಗೆ ಈ ಕಾಯ್ದೆಯ ಮಿತಿ ಅನ್ವಯಿಸುವುದಿಲ್ಲ. ಹೆಸರಿನ ಮುಂದೆ "ಮ್ಯಾನೇಜರ್" ಎಂಬ ಪದ ಬಂದಾಗ ಸಂಭ್ರಮದ ಜೊತೆ ಇದನ್ನೂ ವಿಚಾರಿಸಿಕೊಳ್ಳಬೇಕು.

ಹೊತ್ತಿಗೆ ಮುಗಿಯುವ ಕೆಲಸದ ಗುಟ್ಟು

ಕೆಲವು ಕೆಲಸಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತವೆ, ಕೆಲವು ಮುಗಿಯುವುದೇ ಇಲ್ಲ. ಇದಕ್ಕೆ ಮೂರು ಕಾರಣಗಳಿವೆ. ಒಂದು, ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಎದ್ದು ಬರುವ ವ್ಯವಸ್ಥೆ ಅಥವಾ ಅಪಾಯಿಂಟ್‌ಮೆಂಟ್ ಪದ್ಧತಿ ಅಲ್ಲಿದೆಯೇ? ಎರಡು, ದಣಿದವನು ತಪ್ಪು ಮಾಡಿದರೆ ಜೀವಹಾನಿ ಆಗುತ್ತದೆ ಎಂದು ನಿಯಮವೇ ಸಮಯಕ್ಕೆ ಮಿತಿ ಹಾಕಿದೆಯೇ? ಮೂರು, ಆ ವಿದ್ಯೆ ಬಲ್ಲವರು ಕಡಿಮೆ ಇದ್ದು, ಅವರ ಮಾತಿಗೆ ಬೆಲೆ ಇದೆಯೇ? ಈ ಮೂರರಲ್ಲಿ ಒಂದಾದರೂ ಇರುವ ಕೆಲವು ವೃತ್ತಿಗಳನ್ನು ಈಗ ನೋಡೋಣ.

ಏರ್ ಟ್ರಾಫಿಕ್ ಕಂಟ್ರೋಲರ್

ವಿಮಾನ ಯಾವಾಗ ಇಳಿಯಬೇಕು, ಯಾವ ಎತ್ತರದಲ್ಲಿ ಹಾರಬೇಕು ಎಂದು ಪೈಲಟ್‌ಗೆ ಸೂಚನೆ ಕೊಡುವವರು ಇವರು. ಮಂಗಳೂರಿನಂಥ ಕೆಲವು ವಿಮಾನ ನಿಲ್ದಾಣಗಳ ಆಡಳಿತ ಖಾಸಗಿಯವರಿಗೆ ಹೋಗಿದ್ದರೂ ಈ ಕೆಲಸ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲೇ ಇದೆ. ಭೌತಶಾಸ್ತ್ರ ಮತ್ತು ಗಣಿತ ಇರುವ ಬಿ.ಎಸ್ಸಿ, ಅಥವಾ ಯಾವುದಾದರೊಂದು ಸೆಮಿಸ್ಟರ್‌ನಲ್ಲಿ ಈ ಎರಡು ವಿಷಯ ಓದಿದ ಬಿ.ಇ. ಪದವಿ ಸಾಕು. ಪ್ರಾಧಿಕಾರ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಕರೆದಾಗ ಪರೀಕ್ಷೆ ಬರೆಯಬೇಕು. ಸಾಮಾನ್ಯ ವರ್ಗಕ್ಕೆ ವಯೋಮಿತಿ 27. ಧ್ವನಿ ಪರೀಕ್ಷೆ, ವೈದ್ಯಕೀಯ ಪರೀಕ್ಷೆಗಳೂ ಇರುತ್ತವೆ. ವೇತನ ಶ್ರೇಣಿ 40,000ದಿಂದ 1,40,000 ರೂಪಾಯಿ. ಭತ್ಯೆಗಳೆಲ್ಲ ಸೇರಿ ಆರಂಭದಲ್ಲಿ ವರ್ಷಕ್ಕೆ ಸುಮಾರು 13 ಲಕ್ಷ. ಕರ್ತವ್ಯದ ಅವಧಿಗೂ ವಿಶ್ರಾಂತಿಗೂ ನಿಯಮಗಳಿವೆ. ಆದರೆ ರಾತ್ರಿ ಪಾಳಿ ಇದೆ, ದೇಶದ ಯಾವ ಮೂಲೆಗೂ ವರ್ಗ ಆಗಬಹುದು. ಗಂಟೆ ಕಡಿಮೆ ಎಂದ ಮಾತ್ರಕ್ಕೆ ಒತ್ತಡ ಕಡಿಮೆ ಎಂದಲ್ಲ.

ಆಕ್ಚುವರಿ

ಗಣಿತ, ಸಂಖ್ಯಾಶಾಸ್ತ್ರದಲ್ಲಿ ಆಸಕ್ತಿ ಇರುವವರು ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಮುಂದೆ ಬರಬಹುದಾದ ನಷ್ಟವನ್ನು ಲೆಕ್ಕ ಹಾಕಿ ವಿಮೆ, ಪಿಂಚಣಿ ನಿಧಿಗಳ ದರ ನಿಗದಿ ಮಾಡುವ ತಜ್ಞರು ಇವರು. ಪ್ರತಿ ವಿಮಾ ಕಂಪನಿಯೂ ಇಂಥ ತಜ್ಞರನ್ನು ನೇಮಿಸಿಕೊಳ್ಳಲೇಬೇಕೆಂಬ ನಿಯಮ ಇರುವುದರಿಂದ ಬೇಡಿಕೆ ಗಟ್ಟಿ. ಪಿಯುಸಿ ಮುಗಿದೊಡನೆ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾದ ಎಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬಹುದು. ಡಿಗ್ರಿ ಓದುತ್ತಲೇ ಒಂದೊಂದೇ ಪೇಪರ್ ಪಾಸು ಮಾಡುತ್ತಾ ಹೋಗಬೇಕು. ಪೇಪರ್‌ಗಳು ಹತ್ತಕ್ಕೂ ಹೆಚ್ಚು, ಪೂರ್ತಿ ಮುಗಿಸಲು ಹಲವು ವರ್ಷ ಬೇಕು. ಕೆಲಸ ಮಾಡುತ್ತಾ ಓದುವವರಿಗೆ ಪರೀಕ್ಷೆಗೆಂದು ರಜೆ ಕೊಡುವ ಕಂಪನಿಗಳಿವೆ. ಪಾಸಾದ ಪೇಪರ್ ಹೆಚ್ಚಿದಂತೆ ಸಂಬಳವೂ ಏರುತ್ತದೆ. ವಿಮೆಯ ಬಗ್ಗೆ ಮನೆಯಲ್ಲಿ ಆಕ್ಷೇಪ ಇದ್ದರೆ, ಗಲ್ಫ್ ಮತ್ತು ಮಲೇಷ್ಯಾದ ತಕಾಫುಲ್ ಸಂಸ್ಥೆಗಳಿಗೂ ಇದೇ ವಿದ್ಯೆ ಬೇಕು ಎಂಬುದು ತಿಳಿದಿರಲಿ.

ಕಂಪನಿ ಸೆಕ್ರೆಟರಿ ಮತ್ತು ಸಿಎ

ಕಾಮರ್ಸ್ ವಿದ್ಯಾರ್ಥಿಗಳಲ್ಲಿ ಸಿಎ ಹೆಸರು ಕೇಳದವರಿಲ್ಲ. ಸಿಎಸ್ ಹೆಸರು ಕೇಳಿದವರು ಕಡಿಮೆ. 10 ಕೋಟಿ ರೂಪಾಯಿ ಅಥವಾ ಹೆಚ್ಚು ಪಾವತಿಯಾದ ಬಂಡವಾಳ ಇರುವ ಕಂಪನಿಗಳು ಪೂರ್ಣಾವಧಿ ಕಂಪನಿ ಸೆಕ್ರೆಟರಿಯನ್ನು ಇಟ್ಟುಕೊಳ್ಳಬೇಕೆಂದು ಕಾನೂನಿದೆ. ಪಿಯುಸಿ ನಂತರ ಸಿಎಸ್‌ಇಇಟಿ ಪರೀಕ್ಷೆ, ಬಳಿಕ ಎಕ್ಸಿಕ್ಯೂಟಿವ್ ಮತ್ತು ಪ್ರೊಫೆಷನಲ್ ಹಂತಗಳು. ಬೋರ್ಡ್ ಸಭೆ, ವಾರ್ಷಿಕ ಸಭೆಯ ದಿನಗಳನ್ನು ಬಿಟ್ಟರೆ ಹೆಚ್ಚಾಗಿ ಕಚೇರಿ ಹೊತ್ತಿನ ಕೆಲಸ. ಸಿಎ ಕೆಲಸಕ್ಕೆ ಋತುಗಳಿವೆ. ಜುಲೈ, ಸೆಪ್ಟೆಂಬರ್ ತಿಂಗಳ ತೆರಿಗೆ ಗಡುವುಗಳು ಹತ್ತಿರ ಬಂದಾಗ ರಾತ್ರಿ ಹಗಲಿಲ್ಲ. ಆದರೆ ಸಿಎ ಮುಗಿಸಿ ಕಂಪನಿಯ ಹಣಕಾಸು ವಿಭಾಗ ಸೇರಿದರೆ ಅಥವಾ ಸ್ವಂತ ಊರಿನಲ್ಲಿ ಕಚೇರಿ ತೆರೆದರೆ ಹೊತ್ತನ್ನು ಬಹುಮಟ್ಟಿಗೆ ನೀವೇ ನಿರ್ಧರಿಸಬಹುದು.

ನೀಟ್ ಇಲ್ಲದ ಆರೋಗ್ಯ ವೃತ್ತಿಗಳು

ವಿಜ್ಞಾನ ವಿಭಾಗದಲ್ಲಿ ಎಂಬಿಬಿಎಸ್ ಸೀಟು ಸಿಗದಿದ್ದರೆ ಬದುಕೇ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ. ಮಾತು ಮತ್ತು ಶ್ರವಣ ದೋಷಗಳ ಚಿಕಿತ್ಸೆ ಕಲಿಸುವ ಬಿ.ಎಎಸ್‌ಎಲ್‌ಪಿ ಕೋರ್ಸ್, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಕಣ್ಣಿನ ಪರೀಕ್ಷೆಯ ಆಪ್ಟೋಮೆಟ್ರಿ ಕೂಡ ನಾಲ್ಕು ವರ್ಷದ್ದು. ಇವೆರಡರಲ್ಲೂ ರೋಗಿಗಳು ಹೊತ್ತು ಗೊತ್ತು ಮಾಡಿಕೊಂಡು ಬರುತ್ತಾರೆ. ನಡುರಾತ್ರಿಯ ತುರ್ತು ಕರೆಗಳು ಅಪರೂಪ. ಆರಂಭದ ಸಂಬಳ ದೊಡ್ಡದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಸ್ನಾತಕೋತ್ತರ ಪದವಿ, ಸ್ವಂತ ಕ್ಲಿನಿಕ್, ಅಥವಾ ಅಲ್ಲಿನ ಪರವಾನಗಿ ಪಡೆದು ಹೊರದೇಶದ ಕೆಲಸ — ಆದಾಯ ಹೆಚ್ಚುವುದು ಈ ದಾರಿಗಳಲ್ಲಿ.

ವೈದ್ಯರಾಗುವವರೂ ಒಂದು ವಿಷಯ ಗಮನಿಸಿ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಪಿಜಿಗೆ ಮೂರು ವರ್ಷ. ಪಿಜಿ ದಿನಗಳ ದುಡಿಮೆ ಬಹಳ ಕಠಿಣ. ವಾರಕ್ಕೆ 48 ಗಂಟೆ ಎಂದು ಕೇಂದ್ರದ ನಿರ್ದೇಶನ 1992ರಲ್ಲೇ ಬಂದಿದ್ದರೂ ಎಷ್ಟೋ ಆಸ್ಪತ್ರೆಗಳಲ್ಲಿ ಅದು ಕಾಗದದಲ್ಲೇ ಉಳಿದಿದೆ. ಮುಂದಿನ ಬದುಕು ಆರಿಸಿದ ವಿಭಾಗದ ಮೇಲೆ ನಿಂತಿದೆ. ಚರ್ಮರೋಗ, ಕಣ್ಣು, ಪೆಥಾಲಜಿ ವಿಭಾಗದವರಿಗೆ ಸಂಜೆ ಮನೆ ಸೇರುವುದು ಹೆಚ್ಚು ಸುಲಭ. ಹೆರಿಗೆ ಮತ್ತು ಶಸ್ತ್ರಚಿಕಿತ್ಸೆ ವಿಭಾಗದವರ ಫೋನಿಗೆ ರಾತ್ರಿಯೂ ಬಿಡುವಿಲ್ಲ. ಆದರೆ ಅವರಿಲ್ಲದೆ ಸಮಾಜ ನಡೆಯುವುದಿಲ್ಲ. ಮನಸ್ಸು ಅತ್ತ ಎಳೆದರೆ, ಗೊತ್ತಿದ್ದೇ ಹೋಗಿ.

ಕಾಲೇಜು ಅಧ್ಯಾಪನ

ಕಲಾ, ವಾಣಿಜ್ಯ, ವಿಜ್ಞಾನ ಮೂರೂ ವಿಭಾಗದವರಿಗೆ ತೆರೆದಿರುವ ದಾರಿ ಇದು. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ಯುಜಿಸಿ ವೇತನದಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ. 2018ರ ಯುಜಿಸಿ ನಿಯಮದಂತೆ ವಾರಕ್ಕೆ ಒಟ್ಟು 40 ಗಂಟೆ, ಅದರಲ್ಲಿ ನೇರ ಪಾಠ 16 ಗಂಟೆ. ಉಳಿದದ್ದು ತಯಾರಿ, ಸಂಶೋಧನೆ, ಮೌಲ್ಯಮಾಪನ. ತೊಡಕು ಒಂದೇ: ಕಾಯಂ ಹುದ್ದೆಗಳು ಕಡಿಮೆ. ಅದು ಸಿಗುವವರೆಗೆ ಅತಿಥಿ ಉಪನ್ಯಾಸಕರಾಗಿ ಸಣ್ಣ ಗೌರವಧನಕ್ಕೆ ವರ್ಷಗಟ್ಟಲೆ ಕಾಯುವವರು ಬಹಳ.

ಐಟಿ ಎಂದರೆ ಒಂದೇ ಕೆಲಸವಲ್ಲ

ಸಾಫ್ಟ್‌ವೇರ್‌ನಲ್ಲಿ ಹುದ್ದೆಯ ಹೆಸರಿಗಿಂತ ಕಂಪನಿಯ ಗ್ರಾಹಕರು ಯಾವ ದೇಶದವರು ಎಂಬುದು ಮುಖ್ಯ. ಅಮೆರಿಕದ ಗ್ರಾಹಕರಾದರೆ ಸಭೆಗಳು ನಮ್ಮ ರಾತ್ರಿಗೆ ಬೀಳುತ್ತವೆ. ಒಂದೇ ಡಿಗ್ರಿ, ಒಂದೇ ಸಂಬಳದ ಇಬ್ಬರು ಗೆಳೆಯರಲ್ಲಿ ಒಬ್ಬ ಆರಕ್ಕೆ ಮನೆಗೆ ಬಂದರೆ ಇನ್ನೊಬ್ಬ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚುವುದು ಇದರಿಂದಲೇ.

ಕೆಲಸ ಒಪ್ಪುವ ಮೊದಲು

ಯಾವ ವೃತ್ತಿಯಾದರೂ, ಅದರಲ್ಲಿ ಈಗಾಗಲೇ ಇರುವ ಇಬ್ಬರನ್ನಾದರೂ ಭೇಟಿಯಾಗಿ ಕೇಳಿ: ನಿನ್ನೆ ಎಷ್ಟು ಗಂಟೆಗೆ ಮನೆ ಸೇರಿದಿರಿ? ಕಳೆದ ತಿಂಗಳು ಎಷ್ಟು ಭಾನುವಾರ ಕೆಲಸ ಮಾಡಿದಿರಿ? ಶುಕ್ರವಾರ ಜುಮಾಕ್ಕೆ ಹೋಗಲು ಅವಕಾಶ ಇದೆಯೇ? ಮಗುವಾದ ಮೇಲೆ ಕೆಲಸಕ್ಕೆ ಮರಳಿದ ಮಹಿಳೆಯರು ಅಲ್ಲಿ ಇದ್ದಾರೆಯೇ? ಈ ನಾಲ್ಕು ಪ್ರಶ್ನೆಗಳು ಯಾವ ಜಾಹೀರಾತಿಗಿಂತಲೂ ಹೆಚ್ಚು ತಿಳಿಸುತ್ತವೆ. ಸಿಇಟಿ ಅಥವಾ ನೀಟ್ ಮೂಲಕ ಸೀಟು ಸಿಕ್ಕಿ ಹಣದ ತೊಂದರೆ ಇರುವವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಶೈಕ್ಷಣಿಕ ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಕೊನೆಯದಾಗಿ ಒಂದು ಮಾತು. ಮೇಲೆ ಹೇಳಿದ ಯಾವ ವೃತ್ತಿಯೂ ಸುಲಭವಾಗಿ ಕೈಗೆ ಬರುವುದಿಲ್ಲ. ಆಕ್ಚುವರಿಯ ಪೇಪರ್‌ಗಳಿರಲಿ, ನೆಟ್ ಇರಲಿ, ಪಿಜಿ ಇರಲಿ, ಮೊದಲ ಏಳೆಂಟು ವರ್ಷ ಗಡಿಯಾರ ನೋಡದೆ ಓದಲೇಬೇಕು. ಮುಂದಿನ ಮೂವತ್ತು ವರ್ಷಗಳ ಸಂಜೆಗಳನ್ನು ಈ ವರ್ಷಗಳ ರಾತ್ರಿಗಳಿಂದಲೇ ಸಂಪಾದಿಸಬೇಕು. ಪರೀಕ್ಷೆ ಹತ್ತಿರವಿದೆ, ಇವತ್ತೇ ಶುರು ಮಾಡಿ.