ಸಹಿ ಹಾಕುವವರ ಸಮ್ಮೇಳನದಲ್ಲಿ

ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯಲ್ಲಿ ಹಗಲಲ್ಲೇ ಗಿಟಾರ್ ಸದ್ದು. ಬಾರುಗಳ ಕಿಟಕಿ ತೆರೆದೇ ಇರುವುದರಿಂದ ಹಾಡು ಫುಟ್‌ಪಾತಿನವರೆಗೂ ಬರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ 2013ರಲ್ಲಿ ತೆರೆದ ಮ್ಯೂಸಿಕ್ ಸಿಟಿ ಸೆಂಟರ್. ಚಾವಣಿ ಅಲೆಅಲೆಯಾಗಿದೆ, ಅದರ ಮೇಲೆ ಹಸಿರು ಬೆಳೆಸಿದ್ದಾರೆ. 2023ರ ಜುಲೈನಲ್ಲಿ ನ್ಯಾಷನಲ್ ಕಾಂಟ್ರಾಕ್ಟ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ತನ್ನ ‘ವರ್ಲ್ಡ್ ಕಾಂಗ್ರೆಸ್’ ನಡೆಸಿದ್ದು ಇಲ್ಲೇ. ಹೊರಗೆ ಕಂಟ್ರಿ ಸಂಗೀತ, ಒಳಗೆ ಕರಾರಿನ ಷರತ್ತು.

ದಾವಣಗೆರೆಯಲ್ಲಿ ಸಿವಿಲ್ ಓದಿ, ಅಮೆರಿಕಕ್ಕೆ ಎಂ.ಎಸ್. ಮಾಡಲು ಬಂದವಳು ನಾನು. ಅಪ್ಪ ಕಾಂಟ್ರಾಕ್ಟರ್, ಮನೆಯಲ್ಲಿ ಟೆಂಡರ್, ಇಎಂಡಿ ಠೇವಣಿ, ಬಾಕಿ ಬಿಲ್ಲುಗಳ ಮಾತು ಕೇಳಿಕೊಂಡೇ ಬೆಳೆದೆ. 1959ರಲ್ಲಿ ಹುಟ್ಟಿದ ಈ ಸಂಘದಲ್ಲಿ ಕೊಳ್ಳುವ ಸರ್ಕಾರದವರೂ ಇದ್ದಾರೆ, ಮಾರುವ ಕಂಪನಿಯವರೂ ಇದ್ದಾರೆ. ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಪಾಠಕ್ಕೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಸರ್ಕಾರದ ಎಂಜಿನಿಯರ್ ಆದ ಎಇಇ ಸಾಹೇಬರ ಎದುರು ಅಪ್ಪ ಕುರ್ಚಿಯ ತುದಿಯಲ್ಲಿ ಕೂರುವುದನ್ನು ಕಂಡ ನನಗೆ ಇದೇ ಮೊದಲ ಅಚ್ಚರಿ.

ದೊಡ್ಡ ಸಭಾಂಗಣದ ಭಾಷಣಗಳು ಎಲ್ಲ ಸಮ್ಮೇಳನಗಳಂತೆಯೇ: ನಾಯಕತ್ವ, ಕೃತಕ ಬುದ್ಧಿಮತ್ತೆ, ಚಪ್ಪಾಳೆ. ಸ್ವಾರಸ್ಯವೆಲ್ಲ ಚಿಕ್ಕ ಕೋಣೆಗಳಲ್ಲಿತ್ತು. ಅಲ್ಲಿ ಯಾರು ಬಾಯಿ ತೆರೆದರೂ ‘ಫಾರ್’. 1984ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಫೆಡರಲ್ ಅಕ್ವಿಸಿಷನ್ ರೆಗ್ಯುಲೇಷನ್‌ಗೆ, ಅಂದರೆ ಅಲ್ಲಿನ ಸರ್ಕಾರಿ ಖರೀದಿ ನಿಯಮಾವಳಿಗೆ, ಇವರಿಟ್ಟ ಅಡ್ಡಹೆಸರು ಅದು. 53 ಭಾಗಗಳು, ಷರತ್ತುಗಳ ಪಠ್ಯ 52ನೆಯದರಲ್ಲಿ. ಕರ್ನಾಟಕದ ಟೆಂಡರುಗಳಿಗಿರುವ ನಮ್ಮ 1999ರ ಕೆಟಿಪಿಪಿ ಕಾಯ್ದೆಯನ್ನು ಸಂಜೆ ಕೂತರೆ ರಾತ್ರಿ ಊಟದ ಹೊತ್ತಿಗೆ ಓದಿ ಮುಗಿಸಬಹುದು.

ನಾನು ಹೊಕ್ಕ ಕೋಣೆಯಲ್ಲಿ ಚರ್ಚೆ ‘ವಾರಂಟ್’ ಬಗ್ಗೆ. ಬಂಧನದ ವಾರಂಟ್ ಅಲ್ಲ. ಸರ್ಕಾರದ ಪರವಾಗಿ ಇಂತಿಷ್ಟು ಮೊತ್ತದವರೆಗೆ ಕರಾರು ಮಾಡಬಹುದೆಂದು ಕಾಂಟ್ರಾಕ್ಟಿಂಗ್ ಆಫೀಸರ್‌ಗೆ ಕೊಡುವ ನೇಮಕಪತ್ರ. ಅದಿಲ್ಲದ ಎಂಜಿನಿಯರ್ ಸೈಟಿಗೆ ಬಂದು ‘ಗೋಡೆ ಇನ್ನೆರಡಡಿ ಏರಿಸಿ’ ಎಂದರೆ ಸರ್ಕಾರ ಆ ಮಾತಿಗೆ ಕಟ್ಟುಬೀಳುವುದಿಲ್ಲ. ನಂಬಿ ಕಟ್ಟಿದವನ ಗತಿ?

ಉತ್ತರಕ್ಕೆ ಎಲ್ಲರೂ ಕೈ ತೋರಿಸುವುದು ಐಡಹೊದ ಮೆರಿಲ್ ಎಂಬ ರೈತರ ಕಡೆಗೆ. 1945ರಲ್ಲಿ ಅವರು 460 ಎಕರೆ ಗೋಧಿಗೆ ಸರ್ಕಾರಿ ವಿಮೆ ಕೇಳಿದರು. ಅದರಲ್ಲಿ 400 ಎಕರೆ ಚಳಿಗಾಲದ ಗೋಧಿಯ ಹೊಲದಲ್ಲೇ ಮತ್ತೆ ಬಿತ್ತಿದ್ದು ಎಂದು ಸ್ಥಳೀಯ ಸಮಿತಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ‘ಪರವಾಗಿಲ್ಲ, ವಿಮೆ ಸಿಗುತ್ತೆ’ ಎಂಬ ಭರವಸೆ ಸಿಕ್ಕಿತು. ಬರ ಬಂದು ಬೆಳೆ ಹೋಯಿತು. ಮರುಬಿತ್ತನೆಗೆ ವಿಮೆಯಿಲ್ಲ ಎಂಬ ನಿಯಮ ಆಗ ಹೊರಬಂತು. 1947ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ರೈತರ ವಿರುದ್ಧ ತೀರ್ಪಿತ್ತಿತು: ಸರ್ಕಾರದ ಜೊತೆ ವ್ಯವಹರಿಸುವವನೇ ಎದುರಿಗಿರುವವನ ಅಧಿಕಾರ ಎಷ್ಟೆಂದು ತಿಳಿದುಕೊಳ್ಳಬೇಕು.

ನನಗೆ ಒಪ್ಪದ ಆ ನಾಲ್ವರು ನ್ಯಾಯಮೂರ್ತಿಗಳ ಕಡೆಗೇ ಮನಸ್ಸು. ಸರ್ಕಾರಿ ಕರಾರಿನ ಬಗೆಗಿನ ನಮ್ಮ ಸಂವಿಧಾನದ 299ನೇ ವಿಧಿಯೂ ಅಷ್ಟೇ ಬಿಗಿ, ನಿಜ. ಆದರೆ ಬಂಗಾಳದ ಬಿ.ಕೆ. ಮೊಂಡಲ್ ಸಂಸ್ಥೆ 1944ರಲ್ಲಿ ಅಧಿಕಾರಿಗಳ ಮಾತಿನ ಮೇಲೆ ಕಟ್ಟಿದ ಕಟ್ಟಡಗಳಿಗೆ ಹಣ ಕೇಳಿದಾಗ, ಕರಾರು ಊರ್ಜಿತವಲ್ಲದಿದ್ದರೂ ಲಾಭ ಪಡೆದವರು ಪರಿಹಾರ ಕೊಡಬೇಕು ಎಂದಿತು ನಮ್ಮ ಸುಪ್ರೀಂ ಕೋರ್ಟ್. ಅದಕ್ಕೆ ಆಧಾರ 1872ರ ಕರಾರು ಕಾಯ್ದೆಯ 70ನೇ ಕಲಂ. ಇದನ್ನು ಪಕ್ಕದಲ್ಲಿದ್ದ ಹಿರಿಯ ಅಧಿಕಾರಿಣಿಗೆ ಹೇಳಿದೆ. ‘ನಮ್ಮಲ್ಲೂ ಮೇಲಿನವರು ಆಮೇಲೆ ಒಪ್ಪಿಗೆ ಕೊಡುವ ದಾರಿಯಿದೆ. ಆದರೆ ಅದನ್ನು ಕೇಳುವಾಗ ಫೈಲಿನ ತುಂಬಾ ತಪ್ಪೊಪ್ಪಿಗೆ ಬರೆಯಬೇಕು’ ಎಂದು ನಕ್ಕರು.

ಮಳಿಗೆಗಳ ಸಾಲಿನಲ್ಲಿ ಸಾಫ್ಟ್‌ವೇರ್ ಮಾರುವವರು, ವಿಶ್ವವಿದ್ಯಾಲಯದವರು, ನೇಮಕಾತಿಯವರು. ಸರ್ಕಾರಿ ಇಲಾಖೆಗಳ ಮೇಜಿನಲ್ಲಿ ಮೊದಲ ಪ್ರಶ್ನೆ ಪೌರತ್ವ. ನನ್ನ ಉತ್ತರಕ್ಕೆ ಒಂದು ಪೆನ್ನು ಸಿಕ್ಕಿತು, ಮಾತು ಮುಗಿಯಿತು. ಕಟ್ಟಡ ಕಂಪನಿಯೊಂದರ ಮೇಜಿನಲ್ಲಿ ಮಾತ್ರ ನನ್ನನ್ನು ಕೂರಿಸಿಕೊಂಡರು. ಉಪಗುತ್ತಿಗೆದಾರರ ಬಿಲ್ ಯಾಕೆ ತಡವಾಗುತ್ತದೆ ಎಂದು ಅವರು ಕೇಳಿದ್ದಕ್ಕೆ ನಾನು ಅಪ್ಪನ ಕಡೆಯಿಂದ ಉತ್ತರ ಹೇಳಿದೆ.

ಕಡೆಗೆ ಕೂತದ್ದು ‘ಕ್ಲೋಸ್‌ಔಟ್’ ಪಾಠಕ್ಕೆ, ಅಂದರೆ ಕೆಲಸ ಮುಗಿದ ಕರಾರಿನ ಕಡತ ಮುಚ್ಚುವ ವಿದ್ಯೆ. ಸ್ಥಿರ ಬೆಲೆಯದಾದರೆ 6 ತಿಂಗಳು, ಪರೋಕ್ಷ ವೆಚ್ಚದ ದರ ಇತ್ಯರ್ಥವಾಗಬೇಕಾದದ್ದಕ್ಕೆ 36 ತಿಂಗಳು. ‘ಈ ಗಡುವಿನೊಳಗೆ ಮುಗಿಸಿದವರು ಕೈ ಎತ್ತಿ’ ಎಂದರು ಪಾಠ ಹೇಳುವವರು. ಎತ್ತಿದ ಕೈ ಹುಡುಕಲು ಅವರು ವೇದಿಕೆಯ ಅಂಚಿಗೆ ಬರಬೇಕಾಯಿತು.